ಬ್ಲೂಬರ್ಡ್ ಕೆಫೆ ಮತ್ತು ಅಪ್ಪನ ಬ್ಯಾರನ್

ಹಬ್ಬದ ಹಿಂದಿನ ದಿನ ತತ್ಕಾಲ್‌ನಲ್ಲಿ ಸೀಟು ಹಿಡಿದು ಅಭ್ಯಾಸ ಇರುವವನಿಗೆ ಜಗತ್ತಿನ ಯಾವ ಟಿಕೆಟ್ಟೂ ದೊಡ್ಡದಲ್ಲ ಅಂತ ನನಗೊಂದು ಜಂಬ ಇತ್ತು. ಆ ಜಂಬ ಇಳಿಸಿದ್ದು ಅಮೆರಿಕದ ನ್ಯಾಶ್‌ವಿಲ್ ಊರಿನ ಒಂದು ಪುಟ್ಟ ಹೋಟೆಲು. ಹೆಸರು ಬ್ಲೂಬರ್ಡ್ ಕೆಫೆ. ಅಲ್ಲಿರೋದು ಸುಮಾರು ತೊಂಬತ್ತು ಸೀಟು. ಬುಕಿಂಗ್ ತೆರೆಯುವ ಹೊತ್ತಿಗೆ ಎರಡು ಬ್ರೌಸರ್, ಒಂದು ಫೋನು ಹಿಡಿದು ಕೂತಿರುತ್ತಿದ್ದೆ. ಪೇಜು ಲೋಡ್ ಆಗುವಷ್ಟರಲ್ಲಿ ಎಲ್ಲ ಖಾಲಿ. ಮೂರು ವಾರ ಹೀಗೇ ಆಯ್ತು. ಒಂದು ಸ್ಕ್ರಿಪ್ಟ್ ಬರೆದುಬಿಡೋಣ ಅಂತಲೂ ಅನ್ನಿಸಿತು. ಹಾಡು ಕೇಳೋಕೆ ಹೋಗೋನು ಕಳ್ಳದಾರಿಯಲ್ಲಿ ಹೋಗಬಾರದು ಅಂತ ಸುಮ್ಮನಾದೆ. ನಾಲ್ಕನೇ ವಾರ ಒಂದೇ ಒಂದು ಸೀಟು ಸಿಕ್ಕಿತು. ಸೆಪ್ಟೆಂಬರ್ ಕೊನೆಯ ವಾರ, ರಾತ್ರಿಯ ಶೋ.

ಒಬ್ಬನೇ ಹೋಗಬೇಕಿತ್ತು. ಹೆಂಡತಿ, ಮಗಳು ಬೆಂಗಳೂರಿನಲ್ಲಿದ್ದರು. ಟೀಮಿನ ಹುಡುಗರಿಗೆ ನನ್ನ ಈ ಹುಚ್ಚು ಅರ್ಥವೇ ಆಗುತ್ತಿರಲಿಲ್ಲ. "ಟ್ರಕ್ಕು, ನಾಯಿ, ವಿಸ್ಕಿ, ಬಿಟ್ಟುಹೋದ ಹುಡುಗಿ. ಇಷ್ಟೇ ತಾನೇ ಕಂಟ್ರಿ ಮ್ಯೂಸಿಕ್ಕು?" ಅನ್ನೋರು. ಅದು ಪೂರ್ತಿ ಸುಳ್ಳೂ ಅಲ್ಲ ಬಿಡಿ.

ನನಗೆ ಈ ಹುಚ್ಚು ಹತ್ತಿದ್ದು ಮೈಸೂರಿನ ಹಾಸ್ಟೆಲಿನಲ್ಲಿ, 2006ರಲ್ಲಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿ ಬಿಇಗೆ ಬಂದವನ ಪಾಡು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತೆ. ಲೆಕ್ಚರರ್ ಹೇಳಿದ್ದರಲ್ಲಿ ಅರ್ಧ ತಲೆ ಮೇಲೆ ಹಾರಿಹೋಗುತ್ತಿತ್ತು. ರೂಮ್‌ಮೇಟ್ ಕೊಡಗಿನವನು. ಅವನ ಕಂಪ್ಯೂಟರಿನಲ್ಲಿ ಜಿಮ್ ರೀವ್ಸ್, ಕೆನ್ನಿ ರೋಜರ್ಸ್, ಜಾನ್ ಡೆನ್ವರ್ ಹಾಡುಗಳು ತುಂಬಿದ್ದವು. ಬೇರೆಯವರ ರೂಮಿನ ಇಂಗ್ಲಿಷ್ ಹಾಡುಗಳಲ್ಲಿ ಕಿರುಚಾಟ ಬಿಟ್ಟು ಏನೂ ತಿಳಿಯುತ್ತಿರಲಿಲ್ಲ. ಜಿಮ್ ರೀವ್ಸ್ ಹಾಗಲ್ಲ. ಒಂದೊಂದು ಪದವನ್ನೂ ತೊಳೆದಿಟ್ಟ ಹಾಗೆ ಹಾಡುತ್ತಿದ್ದ. ಆ ಮನುಷ್ಯ ತಾನೇ ಓಡಿಸುತ್ತಿದ್ದ ಸಣ್ಣ ವಿಮಾನ ಬಿದ್ದು 1964ರಲ್ಲೇ ನ್ಯಾಶ್‌ವಿಲ್ ಹತ್ತಿರ ತೀರಿಕೊಂಡಿದ್ದ ಅಂತ ಗೊತ್ತಾದಾಗ, ಪರಿಚಯದವರ ಸಾವಿನ ಸುದ್ದಿ ತಡವಾಗಿ ತಿಳಿದ ಹಾಗಾಗಿತ್ತು. ನನ್ನ ಇಂಗ್ಲಿಷ್ ಮೇಷ್ಟ್ರು ಯಾರು ಅಂದರೆ ನಾನು ಈಗಲೂ ಅವನ ಹೆಸರೇ ಹೇಳೋದು.

ಒಂದು ರಾತ್ರಿ ಯಾವುದೋ ಹಾಡಿನಲ್ಲಿ 'ಬಾರ್ನ್' ಅಂತ ಪದ ಬಂತು. ಡಿಕ್ಷನರಿ ನೋಡಿದೆ. ಬೆಳೆ ಕೂಡಿಡುವ ದೊಡ್ಡ ಕಟ್ಟಡ ಅಂತಿತ್ತು. ಪುಸ್ತಕ ಹಿಡಿದುಕೊಂಡು ಐದು ನಿಮಿಷ ಸುಮ್ಮನೆ ಕೂತಿದ್ದೆ. ನಾವು ಹುಟ್ಟಿದಾಗಿನಿಂದ 'ಬ್ಯಾರನ್' ಅನ್ನುತ್ತಿದ್ದದ್ದು ಇದೇನಾ! ನಮ್ಮ ಕಡೆ ಅಜ್ಜಿಯರಿಂದ ಹಿಡಿದು ಮಕ್ಕಳವರೆಗೆ ಎಲ್ಲರ ಬಾಯಲ್ಲೂ ಇರುವ ಆ ಪದ ಅಪ್ಪಟ ಕನ್ನಡದ್ದು ಅಂತಲೇ ನಾನು ನಂಬಿದ್ದೆ.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕು. ಪಿರಿಯಾಪಟ್ಟಣ, ಹುಣಸೂರು ಅಂದರೆ ಹೊಗೆಸೊಪ್ಪು. ಬೆಳೆಯೋದು ವರ್ಜೀನಿಯಾ ತಂಬಾಕು, ಹೆಸರಲ್ಲೇ ಅಮೆರಿಕ. ಲೈಸೆನ್ಸ್ ಕೊಡೋದು, ಹರಾಜು ನಡೆಸೋದು ತಂಬಾಕು ಮಂಡಳಿ. ಮುಂಗಾರು ಹಿಡಿದಾಗ ನಾಟಿ. ಆಮೇಲೆ ಕೆಳಗಿನಿಂದ ಮೇಲಕ್ಕೆ ಹಣ್ಣಾದ ಹಾಗೆ ಸೊಪ್ಪು ಮುರಿಯೋದು, ಕಡ್ಡಿಗೆ ಕಟ್ಟೋದು, ಬ್ಯಾರನ್‌ಗೆ ಏರಿಸೋದು. ಸೊಪ್ಪು ಮುರಿದ ಕೈಗೆ ಅಂಟು ಹತ್ತಿದರೆ ಎಷ್ಟು ತೊಳೆದರೂ ಊಟವೆಲ್ಲ ಕಹಿ. ಬ್ಯಾರನ್‌ನ ಹೊರಗಡೆ ಒಲೆ, ಒಳಗಡೆ ನೆಲದ ಮೇಲೆ ತಗಡಿನ ಕೊಳವೆ. ಬಿಸಿ ಮಾತ್ರ ಒಳಗೆ ಹೋಗಬೇಕು, ಹೊಗೆ ಸೊಪ್ಪಿಗೆ ತಾಕಬಾರದು. ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಮೊದಲು ಸಣ್ಣ ಶಾಖದಲ್ಲಿ ಸೊಪ್ಪು ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ನೂರಾ ಅರವತ್ತು ಡಿಗ್ರಿಯ ಹತ್ತಿರ ಹೋಗಿ ನಡುದಂಟು ಒಣಗಬೇಕು. ಡಿಗ್ರಿ ಅಂದರೆ ಫ್ಯಾರನ್‌ಹೀಟ್. ಅಮೆರಿಕಕ್ಕೆ ಬಂದ ಹೊಸದರಲ್ಲಿ ಟೀಮಿನವರೆಲ್ಲ ಹವಾಮಾನ ನೋಡಿ ಫೋನಿನಲ್ಲಿ ಸೆಲ್ಸಿಯಸ್‌ಗೆ ಬದಲಿಸಿಕೊಳ್ಳುತ್ತಿದ್ದರೆ ನನಗೆ ಆ ತಾಪತ್ರಯ ಇರಲಿಲ್ಲ. ತೊಂಬತ್ತೈದು ಅಂದರೆ ಏನು ಅಂತ ಅಪ್ಪನ ಬ್ಯಾರನ್ನಿನ ಥರ್ಮಾಮೀಟರ್ ನನಗೆ ಯಾವಾಗಲೋ ಕಲಿಸಿತ್ತು.

ಬೆಂಕಿ ಕಾಯುವ ರಾತ್ರಿಗಳಲ್ಲಿ ಅಪ್ಪ ಹಾಡುತ್ತಿದ್ದ. ಅದು ಸಂಗೀತಕ್ಕಲ್ಲ, ನಿದ್ದೆ ಬರದಿರಲಿ ಅಂತ. ಒಂದು ಗಳಿಗೆ ಕಣ್ಣು ಮುಚ್ಚಿ ಬೆಂಕಿ ಜಾಸ್ತಿಯಾದರೆ ಇಡೀ ಬ್ಯಾರನ್ನಿನ ಸೊಪ್ಪು ಕಪ್ಪಾಗುತ್ತೆ, ಹರಾಜಿನಲ್ಲಿ ಕೇಳೋರಿರೋದಿಲ್ಲ. ಊರಿನ ಕುರುಕ್ಷೇತ್ರ ನಾಟಕದಲ್ಲಿ ಅಪ್ಪನದು ಶಕುನಿ ಪಾತ್ರ. ಕೃಷ್ಣನ ಪಾತ್ರಕ್ಕೆ ಆಸೆಯಿತ್ತು. ಆದರೆ ಹಳ್ಳಿ ನಾಟಕದಲ್ಲಿ ಪಾತ್ರಕ್ಕೆ ನಾವೇ ದುಡ್ಡು ಕೊಡಬೇಕಲ್ಲ, ಕೃಷ್ಣನ ರೇಟು ಜಾಸ್ತಿ. ಹಾಗಾಗಿ ಕೃಷ್ಣನ ಹಾಡುಗಳನ್ನೆಲ್ಲ ಬ್ಯಾರನ್ ಮುಂದೆ ಕೂತು ಹಾಡಿಕೊಳ್ಳುತ್ತಿದ್ದ. ಮಧ್ಯೆ ಮಧ್ಯೆ ರಾಜ್‌ಕುಮಾರ್ ಹಾಡು. ನಾನು ಪಕ್ಕದಲ್ಲಿ ಗೋಣಿಚೀಲ ಹೊದ್ದು ಮಲಗಿರುತ್ತಿದ್ದೆ. ಹಾಸ್ಟೆಲ್ ಸೇರಿದ ಮೇಲೆ ಈ ಯಾವ ವಿಷಯವನ್ನೂ ಯಾರಿಗೂ ಹೇಳಿರಲಿಲ್ಲ. "ನಿಮ್ಮಪ್ಪ ಏನ್ ಮಾಡ್ತಾರೆ?" ಅಂದರೆ "ಅಗ್ರಿಕಲ್ಚರ್" ಅಂದು ಮಾತು ತಿರುಗಿಸುತ್ತಿದ್ದೆ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ಯಾಕೆಂದರೆ ಆ ಟಿಕೆಟ್ ಸಿಕ್ಕಾಗ ಅಪ್ಪನೂ ನಾನೂ ಮಾತಾಡಿ ಒಂದು ತಿಂಗಳ ಮೇಲಾಗಿತ್ತು.

ನ್ಯಾಶ್‌ವಿಲ್ ಹಾಡಿಗೆ ಎಷ್ಟು ಹೆಸರುವಾಸಿಯೋ ಆಸ್ಪತ್ರೆ ವ್ಯವಹಾರಕ್ಕೂ ಅಷ್ಟೇ. ದೊಡ್ಡ ದೊಡ್ಡ ಆಸ್ಪತ್ರೆ ಕಂಪನಿಗಳ ಮುಖ್ಯ ಕಚೇರಿಗಳು ಅಲ್ಲಿವೆ. ನಾನು ಹೋಗಿದ್ದೂ ಆಸ್ಪತ್ರೆ ಬಿಲ್ಲಿಂಗ್ ಪ್ರಾಜೆಕ್ಟಿಗೇ. ದಿನವಿಡೀ ಕಾಯಿಲೆಗಳ ಕೋಡ್ ನೋಡುತ್ತಿದ್ದೆ. ಶ್ವಾಸಕೋಶದ ಕ್ಯಾನ್ಸರಿನ ಕೋಡು ಬಾಯಿಪಾಠ ಆಗಿಹೋಗಿತ್ತು. ಒಂದು ಭಾನುವಾರ ಅಪ್ಪನಿಗೆ ವಾಟ್ಸ್ಯಾಪಿನಲ್ಲಿ ಉದ್ದಕ್ಕೆ ವಾಯ್ಸ್ ಮೆಸೇಜ್ ಕಳಿಸಿದೆ. ವಯಸ್ಸಾಯ್ತು, ಆಳು ಸಿಗಲ್ಲ, ಸೌದೆ ರೇಟು ಏರಿದೆ, ಕೊನೆಗೆ ಕೈಗೆ ಬರೋದು ಅಷ್ಟರಲ್ಲೇ ಇದೆ. ಲೈಸೆನ್ಸ್ ವಾಪಸ್ ಕೊಟ್ಟುಬಿಡು, ಜಮೀನು ಮಾರಿಬಿಡು, ನೀನೂ ಅಮ್ಮನೂ ಬೆಂಗಳೂರಿಗೆ ಬಂದುಬಿಡಿ. ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಕೊನೆಯಲ್ಲಿ, "ಅಷ್ಟಕ್ಕೂ ಜನರ ಎದೆ ಸುಡೋ ಬೆಳೆ ಅದು" ಅಂದುಬಿಟ್ಟೆ.

ಅಪ್ಪನ ಉತ್ತರ ಮಾರನೇ ದಿನ ಬಂತು. ಒಂದೇ ವಾಕ್ಯ. "ನಿನ್ ಕಾಲೇಜ್ ಫೀಸು ಕಟ್ಟಿದ್ದು ಯಾವ್ ಸೊಪ್ಪಲ್ಲಾ ಮಗ?"

ಅದಾದ ಮೇಲೆ ಫೋನ್ ಮಾಡಿದರೆ ಅಮ್ಮನೇ ಎತ್ತುತ್ತಿದ್ದಳು. ಹಿಂದೆ ಅಪ್ಪ ಕೆಮ್ಮುವ ಸದ್ದು ಕೇಳಿಸುತ್ತಿತ್ತು. "ಅಪ್ಪಂಗೆ ಕೊಡ್ಲಾ?" ಅಂದರೆ ನಾನೇ "ಬೇಡ, ಮೀಟಿಂಗ್ ಇದೆ" ಅನ್ನುತ್ತಿದ್ದೆ. ನಾನು ಹೇಳಿದ್ದರಲ್ಲಿ ತಪ್ಪೇನಿದೆ ಅಂತ ಹಠ. ಈಗಲೂ ಆ ಬೆಳೆ ಬಗ್ಗೆ ಹೇಳಿದ ಮಾತು ಸುಳ್ಳು ಅಂತ ನನಗನ್ನಿಸೋದಿಲ್ಲ. ಆದರೆ ಅಪ್ಪನ ಪ್ರಶ್ನೆಗೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನು ಬ್ಲೂಬರ್ಡ್ ಬಗ್ಗೆ. ನ್ಯಾಶ್‌ವಿಲ್‌ಗೆ ಹೋದವರು ಮೊದಲು ಹೋಗೋದು ಬ್ರಾಡ್‌ವೇ ಬೀದಿಗೆ. ಸಾಲು ಸಾಲು ಬಾರು, ಪ್ರತಿ ಬಾರಿನಲ್ಲೂ ಬ್ಯಾಂಡು, ಒಂದರ ಸದ್ದು ಇನ್ನೊಂದರ ಮೇಲೆ. ನಮ್ಮ ಜಾತ್ರೆಯಲ್ಲಿ ನಾಲ್ಕು ಮೈಕು ಒಟ್ಟಿಗೆ ಕೂಗಿದ ಹಾಗೆ. ಅಲ್ಲೇ ಹತ್ತಿರ ರೈಮನ್ ಸಭಾಂಗಣ ಇದೆ, 1892ರಲ್ಲಿ ಪ್ರಾರ್ಥನಾ ಮಂದಿರ ಅಂತ ಕಟ್ಟಿದ್ದು. 1925ರಲ್ಲಿ ಒಂದು ವಿಮಾ ಕಂಪನಿಯ ರೇಡಿಯೋ ಶುರುಮಾಡಿದ ಹಳ್ಳಿಹಾಡಿನ ಕಾರ್ಯಕ್ರಮ, ಅದೇ ಗ್ರ್ಯಾಂಡ್ ಓಲ್ ಆಪ್ರಿ, 1943ರಿಂದ 1974ರವರೆಗೆ ನಡೆದದ್ದು ಆ ಸಭಾಂಗಣದಲ್ಲಿ. ಬ್ಲೂಬರ್ಡ್ ಮಾತ್ರ ಈ ಗದ್ದಲದಲ್ಲಿಲ್ಲ. ಊರಿನ ದಕ್ಷಿಣಕ್ಕೆ ಗ್ರೀನ್ ಹಿಲ್ಸ್ ಅನ್ನೋ ಬಡಾವಣೆಯಲ್ಲಿ, ಸಾಲು ಅಂಗಡಿಗಳ ಮಧ್ಯೆ ಒಂದು ಅಂಗಡಿ. ನಮ್ಮ ಜಯನಗರದ ಕಾಂಪ್ಲೆಕ್ಸಿನಲ್ಲಿ ಜೆರಾಕ್ಸ್ ಅಂಗಡಿ ಪಕ್ಕ ದರ್ಶಿನಿ ಇರುತ್ತಲ್ಲ, ಹಾಗೆ. ನೋಡಿದರೆ ಇಷ್ಟೇನಾ ಅನ್ನಿಸುತ್ತೆ.

1982ರಲ್ಲಿ ಏಮಿ ಕರ್ಲಂಡ್ ಅನ್ನೋ ಹೆಂಗಸು ಊಟದ ಹೋಟೆಲ್ ಅಂತ ತೆರೆದ ಜಾಗ ಇದು. ಹಾಡು ಆಮೇಲೆ ಸೇರಿಕೊಂಡದ್ದು. ಗಾರ್ತ್ ಬ್ರೂಕ್ಸ್ ಇಲ್ಲಿ ಹಾಡಿದ್ದನ್ನು ಕೇಳಿದ ಮೇಲೇ ದೊಡ್ಡ ಕಂಪನಿ ಅವನ ಕೈ ಹಿಡಿದದ್ದು. ಟೇಲರ್ ಸ್ವಿಫ್ಟ್ ಕೂಡ ಶಾಲೆಗೆ ಹೋಗುವ ವಯಸ್ಸಿನಲ್ಲಿ ಇಲ್ಲಿ ಹಾಡಿ ಕಣ್ಣಿಗೆ ಬಿದ್ದವಳು. ಆದರೆ ಬ್ಲೂಬರ್ಡಿನ ನಿಜವಾದ ಮಹತ್ವ ಬೇರೆ. ಇದು ಹಾಡುಗಾರರಿಗಿಂತ ಹಾಡು ಬರೆಯುವವರ ಜಾಗ. 1985ರಲ್ಲಿ ಡಾನ್ ಶ್ಲಿಟ್ಜ್ ಮತ್ತು ಅವನ ಮೂವರು ಗೆಳೆಯರು ವೇದಿಕೆ ಬಿಟ್ಟು, ಹಾಲಿನ ನಟ್ಟನಡುವೆ ನಾಲ್ಕು ಕುರ್ಚಿ ಹಾಕಿಕೊಂಡು ಎದುರುಬದುರು ಕೂತು ಸರದಿಯಂತೆ ಹಾಡಿದರು. ಜನ ಸುತ್ತ ಕೂತು ಕೇಳಿದರು. ಅವತ್ತಿನಿಂದ ಅದೇ ಪದ್ಧತಿ.

ಈ ಡಾನ್ ಶ್ಲಿಟ್ಜ್ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆನ್ನಿ ರೋಜರ್ಸ್ 1978ರಲ್ಲಿ ಹಾಡಿ ಜಗತ್ತಿಗೆಲ್ಲ ಕೇಳಿಸಿದ 'ದಿ ಗ್ಯಾಂಬ್ಲರ್' ಬರೆದವನು ಇವನು. ಬರೆದಾಗ ವಯಸ್ಸು 23. ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ ಗೊತ್ತಾ? ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಆಪರೇಟರ್, ಅದೂ ನೈಟ್ ಶಿಫ್ಟ್! ಇದನ್ನು ಮೊದಲು ಓದಿದಾಗ ನಾನು ಪ್ರೊಡಕ್ಷನ್ ಸಪೋರ್ಟಿನ ರಾತ್ರಿ ಪಾಳಿಯಲ್ಲಿದ್ದೆ. ಎದ್ದು ಚಪ್ಪಾಳೆ ತಟ್ಟೋಣ ಅನ್ನಿಸಿತ್ತು. ಜೂಜುಗಾರನ ಹಾಡು ಬರೆದವನು ನಮ್ಮ ಕಸುಬಿನವನು. ಮನೆಯಲ್ಲೊಬ್ಬ ಶಕುನಿ ಬೇರೆ ಇದ್ದನಲ್ಲ, ಆ ಹಾಡು ನನಗೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಬಾಗಿಲ ಹತ್ತಿರ ನಿಂತಾಗ ಸ್ವಲ್ಪ ಅಳುಕು ಇತ್ತು ಅಂತ ಒಪ್ಪಿಕೊಳ್ಳುತ್ತೇನೆ. ಸಾಲಿನಲ್ಲಿ ನನ್ನ ಬಣ್ಣದವನು ನಾನೊಬ್ಬನೇ. ಕಂಟ್ರಿ ಸಂಗೀತ ಬಿಳಿಯರದ್ದು ಅನ್ನೋ ಮಾತಿದೆ. ಆದರೆ ಅದರ ಬ್ಯಾಂಜೋ ವಾದ್ಯ ಬಂದದ್ದೇ ಆಫ್ರಿಕಾದ ಗುಲಾಮರ ಜೊತೆ. ಆಪ್ರಿಯ ಮೊದಮೊದಲ ತಾರೆಗಳಲ್ಲಿ ಒಬ್ಬ ಡಿಫೋರ್ಡ್ ಬೇಲಿ ಅನ್ನೋ ಕಪ್ಪು ಮನುಷ್ಯ, ಹಾರ್ಮೋನಿಕಾದಲ್ಲಿ ರೈಲು ಓಡಿಸುತ್ತಿದ್ದವನು. 1941ರಲ್ಲಿ ಅವನನ್ನು ಕೆಲಸದಿಂದ ತೆಗೆದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದರೂ ಬಾಗಿಲಲ್ಲಿ ಹೆಸರು ಹೇಳುವಾಗ ದನಿ ಸಣ್ಣದಾಯ್ತು. ಆ ಹುಡುಗಿ ಪಟ್ಟಿಯಲ್ಲಿ ನನ್ನ ಹೆಸರು ಹುಡುಕಿ, ಹೇಗೆ ಉಚ್ಚರಿಸಬೇಕು ಅಂತ ಎರಡು ಸಲ ಕೇಳಿ ಸರಿಯಾಗಿ ಹೇಳಿ, ನಗುತ್ತಾ ಒಳಗೆ ಕಳಿಸಿದಳು.

ಒಳಗೆ ಗೋಡೆ ತುಂಬ ಹಾಡು ಬರೆದವರ ಫೋಟೋಗಳು. ಪುಟ್ಟ ಪುಟ್ಟ ಮೇಜು, ಹಿಂದೆ ಚರ್ಚಿನಲ್ಲಿರುವಂಥ ಉದ್ದನೆಯ ಬೆಂಚು. ಒಬ್ಬನೇ ಬಂದವರನ್ನು ಯಾರದಾದರೂ ಮೇಜಿಗೆ ಸೇರಿಸುತ್ತಾರೆ. ನನ್ನನ್ನು ಕೂರಿಸಿದ್ದು ಎಪ್ಪತ್ತು ದಾಟಿದ ಗಂಡ ಹೆಂಡತಿಯ ಮೇಜಿನಲ್ಲಿ. ನಡುವಿನ ನಾಲ್ಕು ಕುರ್ಚಿಗಳು ಎಷ್ಟು ಹತ್ತಿರ ಅಂದರೆ ನಾನು ಕಾಲು ಚಾಚಿದರೆ ಗಿಟಾರಿಗೆ ತಾಕುತ್ತಿತ್ತು. ಶುರುವಿಗೆ ಮುಂಚೆ ಒಬ್ಬಾಕೆ ಬಂದು ನಿಯಮ ಹೇಳಿದಳು. ಹಾಡುವಾಗ ಮಾತಾಡಬಾರದು, ಪಿಸುಗುಟ್ಟಲೂಬಾರದು. 'ಶ್' ಅನ್ನೋದೇ ಆ ಜಾಗದ ಘೋಷವಾಕ್ಯ, ಅದನ್ನೇ ಟೀಶರ್ಟಿನ ಮೇಲೂ ಹಾಕಿ ಮಾರುತ್ತಾರೆ. ಕುಡಿಯುವ ಜಾಗದಲ್ಲಿ ಇಂಥ ಮೌನವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಮೂವರು ಗಂಡಸರು, ಒಬ್ಬ ಹೆಂಗಸು. ನಾಲ್ವರ ಹೆಸರೂ ನಾನು ಕೇಳಿದ್ದಲ್ಲ. ಆದರೆ ಮೊದಲನೆಯವನು ಎರಡನೇ ಹಾಡು ಶುರುಮಾಡಿದ ಕೂಡಲೇ ಇಡೀ ಹಾಲು ಒಂದು ಸಲ ಉಸಿರೆಳೆದುಕೊಂಡಿತು. ರೇಡಿಯೋದಲ್ಲಿ ಬೇರೆ ಯಾರೋ ದೊಡ್ಡ ಗಾಯಕ ಹಾಡಿದ, ಎಲ್ಲರಿಗೂ ಗೊತ್ತಿರುವ ಹಾಡು ಅದು. ಹೆತ್ತವನು ಈ ಬೊಕ್ಕತಲೆಯ ಸಾಧಾರಣ ಮನುಷ್ಯ ಅಂತ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಆಕಾಶವಾಣಿಯಲ್ಲಿ ಭಾವಗೀತೆಗೆ ಮುಂಚೆ 'ರಚನೆ' ಅಂತ ಕವಿಯ ಹೆಸರು ಮೊದಲು ಹೇಳುತ್ತಿದ್ದರಲ್ಲ, ಆ ಪದ್ಧತಿ ಎಷ್ಟು ಒಳ್ಳೆಯದು ಅಂತ ಅವತ್ತು ಅನ್ನಿಸಿತು. ಇವನ ದನಿ ಆ ಗಾಯಕನಷ್ಟು ಚೆನ್ನಾಗಿರಲಿಲ್ಲ. ಮೇಲಿನ ಸ್ವರದಲ್ಲಿ ಒಡೆಯುತ್ತಿತ್ತು. ಆದರೆ ಯಾವ ಸಾಲು ಬರೆಯುವಾಗ ಕಷ್ಟಪಟ್ಟಿದ್ದ ಅನ್ನೋದು ಕೇಳಿದರೆ ಗೊತ್ತಾಗುತ್ತಿತ್ತು. ಒಬ್ಬ ಹಾಡುವಾಗ ಉಳಿದವರು ಕಣ್ಣು ಮುಚ್ಚಿ ಕೇಳೋರು, ಎರಡನೇ ಚರಣಕ್ಕೆ ಮೆಲ್ಲಗೆ ದನಿ ಸೇರಿಸೋರು. ನನಗೆ ನಮ್ಮೂರಿನ ಶನಿವಾರದ ಭಜನೆ ನೆನಪಾಯ್ತು. ಅಲ್ಲೂ ವೇದಿಕೆ ಇಲ್ಲ. ಸುತ್ತ ಕೂತು, ಒಬ್ಬ ಎತ್ತಿಕೊಟ್ಟರೆ ಉಳಿದವರು ಹಿಡಿಯೋದು.

ಮೂರನೇ ಸರದಿಯಲ್ಲಿ ಆ ಹೆಂಗಸು ಗಿಟಾರ್ ಶ್ರುತಿ ಮಾಡಿಕೊಳ್ಳುತ್ತಾ ತನ್ನ ಕಥೆ ಹೇಳಿದಳು. ಅಪ್ಪ ಟೆನೆಸಿಯ ಉತ್ತರ ಭಾಗದಲ್ಲಿ ತಂಬಾಕು ಬೆಳೆಯುತ್ತಿದ್ದನಂತೆ. ಅಪ್ಪ ಹೋದ ಮೇಲೆ ಮಕ್ಕಳೆಲ್ಲ ಸೇರಿ ಜಮೀನು ಮಾರಿದರು. ಹಳೇ ಬಾರ್ನಿನ ಹಲಗೆಗಳಿಗೆ ಈಗ ಪಟ್ಟಣದಲ್ಲಿ ಭಾರೀ ಬೆಲೆ, ರೆಸ್ಟೊರೆಂಟಿನವರು ಅಲಂಕಾರಕ್ಕೆ ಕೊಳ್ಳುತ್ತಾರೆ. ಅದನ್ನೂ ಮಾರಿದರು. ಹಾಡು ಅಷ್ಟೇ. ಒಬ್ಬಳು ಪಟ್ಟಣದ ದುಬಾರಿ ಹೋಟೆಲಿಗೆ ಊಟಕ್ಕೆ ಹೋಗುತ್ತಾಳೆ. ಹೊರಗೆ ಮಳೆ ಶುರುವಾಗುತ್ತೆ. ತೇವಕ್ಕೆ ಗೋಡೆಯ ಹಲಗೆಯಿಂದ ಹೊಗೆಯ ವಾಸನೆ ಏಳುತ್ತೆ. ಪಕ್ಕದ ಮೇಜಿನವರು ವೇಟರನ್ನು ಕರೆದು ಇದೇನು ವಾಸನೆ ಅಂತ ದೂರುತ್ತಾರೆ. ಇವಳು ಏನೂ ಹೇಳದೆ ಊಟ ಮುಗಿಸಿ ಬಿಲ್ಲು ಕೊಟ್ಟು ಬರುತ್ತಾಳೆ.

ಆ ವಾಸನೆ ನನಗೆ ಗೊತ್ತಿತ್ತು. ಎರಡು ವಾರದ ಹಿಂದೆ ಸುಮ್ಮನೆ ಕಾರು ತಗೊಂಡು ಉತ್ತರಕ್ಕೆ ಸ್ಪ್ರಿಂಗ್‌ಫೀಲ್ಡ್ ಕಡೆ ಹೋಗಿದ್ದೆ. ಹೊಲದ ಮಧ್ಯೆ ಒಂದು ಕಪ್ಪು ಬಾರ್ನು, ಹಲಗೆಯ ಸಂದಿಯಿಂದೆಲ್ಲ ಹೊಗೆ. ಬೆಂಕಿ ಬಿದ್ದಿದೆ ಅಂತ ಗಾಬರಿಯಾಗಿ ಕಾರು ನಿಲ್ಲಿಸಿದೆ. ಕಿಟಕಿ ಇಳಿಸಿದ ಕೂಡಲೇ ವಾಸನೆ ಬಂತು. ನಮ್ಮ ಬ್ಯಾರನ್ನಿನ ಸಿಹಿವಾಸನೆಯೇ ಅಲ್ಲ, ಇನ್ನೂ ಗಾಢ. ಆದರೂ ಹತ್ತಿರದ ಸಂಬಂಧ. ಹೊರದೇಶದಲ್ಲಿ ಯಾರೋ ನಮ್ಮ ಸೀಮೆಯ ಕನ್ನಡ ಮಾತಾಡಿದ ಹಾಗಾಯ್ತು. ಹತ್ತು ನಿಮಿಷ ರಸ್ತೆ ಪಕ್ಕ ನಿಂತಿದ್ದು, ಯಾರಿಗೂ ಹೇಳದೆ ವಾಪಸ್ ಬಂದಿದ್ದೆ. ಅಪ್ಪನಿಗೆ ಹೇಳಬೇಕು ಅನ್ನಿಸಿತ್ತು. ಮಾತು ಬಿಟ್ಟಿದ್ದೆವಲ್ಲ.

ಹಾಡು ಮುಗಿದಾಗ ಚಪ್ಪಾಳೆ ತಡವಾಗಿ ಬಂತು. ನನ್ನ ಮೇಜಿನ ಅಜ್ಜ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ನಾನು ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡೆ. ಅಜ್ಜಿ ನೋಡಿಬಿಟ್ಟಳು. ಏನೂ ಅನ್ನದೆ ಪೇಪರ್ ನ್ಯಾಪ್ಕಿನ್ ನನ್ನ ಕಡೆ ತಳ್ಳಿದಳು.

ಕಾರ್ಯಕ್ರಮ ಮುಗಿದು ದೀಪ ಹಾಕಿದ ಮೇಲೆ ಅಜ್ಜ ಮಾತಿಗಿಳಿದ. "ಎಲ್ಲಿಂದ ಬಂದಿದ್ದೀಯಪ್ಪ?" ಅಂದ. ಅಭ್ಯಾಸಬಲದಿಂದ "ಬೆಂಗಳೂರು" ಅಂದೆ. ಆಮೇಲೆ ಏನನ್ನಿಸಿತೋ, "ಅಲ್ಲ, ಅದಕ್ಕಿಂತ ದೂರ ಒಂದು ಹಳ್ಳಿ. ನಮ್ಮಪ್ಪ ಹೊಗೆಸೊಪ್ಪು ಬೆಳೀತಾನೆ" ಅಂದೆ. ಹೀಗೆ ಹೇಳಿಕೊಂಡದ್ದು ಜೀವನದಲ್ಲಿ ಅದೇ ಮೊದಲು ಅನ್ನಿಸುತ್ತೆ, ಅದೂ ಹೆಸರು ಗೊತ್ತಿಲ್ಲದವರ ಹತ್ತಿರ. ಅಜ್ಜ ಕುರ್ಚಿಯನ್ನೇ ನನ್ನ ಕಡೆ ತಿರುಗಿಸಿಕೊಂಡ.

ಅವನದು ಕೆಂಟಕಿಯ ಗಡಿಯ ಹತ್ತಿರದ ಊರು. ಅವನೂ ತಂಬಾಕಿನವನು. ಅವರದು ಬೇರೆ ತಳಿ, ಬೇರೆ ಕ್ರಮ. ಎಲೆ ಒಂದೊಂದೇ ಮುರಿಯೋದಿಲ್ಲ, ಇಡೀ ಗಿಡ ಕಡಿದು ಕೋಲಿಗೆ ಸಿಕ್ಕಿಸಿ ತೂಗುಹಾಕುತ್ತಾರೆ. ಕೆಳಗೆ ನೆಲದ ಮೇಲೇ ಗಟ್ಟಿಮರದ ತುಂಡು, ಮರದ ಹೊಟ್ಟು ಹಾಕಿ ಉರಿಯದ ಹಾಗೆ ಹೊಗೆಯಾಡಿಸುತ್ತಾರೆ. ಹೊಗೆಯೇ ಮುಖ್ಯ. "ಗೊತ್ತಿಲ್ಲದ ಜನ ದಾರಿಯಲ್ಲಿ ಹೋಗ್ತಾ ಫೈರ್ ಇಂಜಿನ್ನಿಗೆ ಫೋನ್ ಮಾಡ್ತಾರೆ" ಅಂತ ನಕ್ಕ. ನಾನೂ ಗಾಬರಿಯಾಗಿ ಕಾರು ನಿಲ್ಲಿಸಿದ್ದೆ ಅಂತ ಹೇಳಲಿಲ್ಲ. 2004ರಲ್ಲಿ ಸರ್ಕಾರ ಕೋಟಾ ಪದ್ಧತಿ ತೆಗೆದುಹಾಕಿ ಬೆಳೆಗಾರರಿಗೆ ಪರಿಹಾರ ಕೊಟ್ಟಿತಲ್ಲ, ಅದಾದ ಕೆಲವು ವರ್ಷಕ್ಕೆ ಇವನೂ ಬಿಟ್ಟ. ಮಗ ಟೆಕ್ಸಸ್‌ನಲ್ಲಿ ಕಂಪ್ಯೂಟರ್ ಕೆಲಸ.

ಆಮೇಲೆ ಪ್ರಶ್ನೆ ಶುರುಮಾಡಿದ. ನಿಮ್ಮಲ್ಲಿ ಒಂದು ಬಾರ್ನಿಗೆ ಎಷ್ಟು ಕಡ್ಡಿ ಹಿಡಿಯುತ್ತೆ? ಒಂದು ಕಡ್ಡಿಗೆ ಎಷ್ಟು ಎಲೆ? ಹಳದಿ ತಿರುಗಿದ್ದು ಸಾಕು ಅಂತ ಹೇಗೆ ಗೊತ್ತಾಗುತ್ತೆ, ಥರ್ಮಾಮೀಟರ್ ನೋಡಿಯೋ ಮುಟ್ಟಿಯೋ? ಸೌದೆ ಯಾವ ಮರದ್ದು? ನಿಮ್ಮಪ್ಪನಿಗೆ ಕಲಿಸಿದ್ದು ಯಾರು?

ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಆ ಬ್ಯಾರನ್ ಪಕ್ಕ ಮಲಗಿದವನು ನಾನು. ಸೌದೆ ರೇಟು ಗೊತ್ತಿತ್ತು, ಕೂಲಿ ಗೊತ್ತಿತ್ತು, ಲಾಭ ನಷ್ಟದ ಎಕ್ಸೆಲ್ ಶೀಟು ಮಾಡಿಟ್ಟಿದ್ದೆ. ಜಮೀನು ಮಾರು ಅಂತ ಸಲಹೆ ಕೊಡುವಷ್ಟು ತಿಳಿದಿತ್ತು. ಅಪ್ಪ ಮಾಡುವ ಕೆಲಸ ಏನು ಅಂತ ತಿಳಿದಿರಲಿಲ್ಲ. "ಅಪ್ಪನ್ನ ಕೇಳಿ ಹೇಳ್ತೀನಿ" ಅಂದೆ. ಅಜ್ಜ ತಲೆಯಾಡಿಸಿ, ನನ್ನ ಭುಜ ತಟ್ಟಿ, ಹೆಂಡತಿಯ ಕೈ ಹಿಡಿದುಕೊಂಡು ಹೊರಟ. ಮತ್ತೆ ಸಿಗೋದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಹೊರಗೆ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತೆ. ರಾತ್ರಿ ಹನ್ನೊಂದು. ಊರಿನಲ್ಲಿ ಬೆಳಗ್ಗೆ ಒಂಬತ್ತೂವರೆ. ಅಮ್ಮನೇ ಎತ್ತಿದಳು. "ಅಪ್ಪಂಗೆ ಕೊಡಮ್ಮ" ಅಂದೆ. ಅಮ್ಮ ಏನೂ ಕೇಳಲಿಲ್ಲ. ಫೋನ್ ಹಿಡಿದುಕೊಂಡೇ ಹಿತ್ತಿಲು ದಾಟಿ ಹೋಗುವ ಸದ್ದು ಕೇಳಿಸಿತು.

"ಏನ್ಲಾ ಮಗ, ಇಷ್ಟೊತ್ನಲ್ಲಿ? ಅಲ್ಲಿ ರಾತ್ರಿ ಅಲ್ವಾ?" ಅಂದ ಅಪ್ಪ. ಒಂದು ತಿಂಗಳ ಮೌನದ ಸುಳಿವೂ ಇರಲಿಲ್ಲ.

"ಅಪ್ಪ, ನಮ್ ಬ್ಯಾರನ್ನಿಗೆ ಎಷ್ಟು ಕಡ್ಡಿ ಹಿಡಿತದೆ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಯಾಕ್ಲಾ, ಅದನ್ನೂ ಕಂಪ್ಯೂಟರ್‌ಗೆ ಹಾಕ್ತೀಯಾ?"

"ಇಲ್ಲಪ್ಪ. ಇಲ್ಲೊಬ್ಬರು ಕೇಳಿದ್ರು. ಅವರೂ ಸೊಪ್ಪು ಬೆಳೀತಿದ್ರಂತೆ. ನಂಗೆ ಗೊತ್ತಿರಲಿಲ್ಲ."

ಅಪ್ಪ ಶುರುಮಾಡಿದ. ಅದೇನು ಒಂದೇ ಲೆಕ್ಕ ಅಲ್ಲ ಕಣ್ಲಾ, ಸೊಪ್ಪು ನೋಡ್ಕಂಡು. ಮಳೆ ಜಾಸ್ತಿಯಾಗಿ ನೀರು ಕುಡಿದ ಸೊಪ್ಪಾದ್ರೆ ಒತ್ತಾಗಿ ಹಾಕಂಗಿಲ್ಲ, ಬೆಂದೋಯ್ತದೆ. ಕೆಳಗಿನ ಸೊಪ್ಪು ಬೇರೆ, ನಡು ಸೊಪ್ಪು ಬೇರೆ. ಹಳದಿ ತಿರುಗಿದ್ದು ಕಣ್ಣಲ್ಲಿ ನೋಡ್ಬೇಕು, ಕೈಲಿ ಮುಟ್ಬೇಕು, ಮೂಗಲ್ಲೂ ಗೊತ್ತಾಯ್ತದೆ. ಥರ್ಮಾಮೀಟರ್ ಇರೋದು ಹೊಸಬರಿಗೆ. ಹೀಗೇ ಮುಕ್ಕಾಲು ಗಂಟೆ. ಅಪ್ಪ ಅಷ್ಟು ಹೊತ್ತು ನನ್ನ ಹತ್ತಿರ ಯಾವತ್ತೂ ಮಾತಾಡಿರಲಿಲ್ಲ. ನಾನು ಯಾವತ್ತೂ ಕೇಳಿರಲಿಲ್ಲ ಅನ್ನೋದು ಸರಿ. ಹೊಗೆ ತಾಗಿಸಿಯೇ ಹದ ಮಾಡುತ್ತಾರೆ ಅಂದಾಗ, "ಹೊಗೆ ತಾಗಿದ್ರೆ ಸೊಪ್ಪು ಕೆಟ್ಟೋಯ್ತದಲ್ಲಾ!" ಅಂತ ಅವನಿಗೆ ನಂಬಲೇ ಆಗಲಿಲ್ಲ.

ಜಗಳದ ವಿಷಯ ನಾನೇ ತೆಗೆದೆ. "ಅವತ್ತು ಹಂಗೆ ಹೇಳ್ಬಾರ್ದಿತ್ತು" ಅಂದೆ.

"ನೀನೇಳಿದ್ರಲ್ಲಿ ಸುಳ್ಳೇನಿಲ್ಲ ಬುಡು" ಅಂದ. "ನಾನೂ ಬೀಡಿ ಬುಟ್ಟು ಎಷ್ಟ್ ವರ್ಸ ಆಯ್ತು. ಮಾರೋದಾದ್ರೆ ಮಾರಾಣ. ಇನ್ನೆರಡು ಬ್ಯಾರನ್ ಸೊಪ್ಪದೆ, ಅದಿಳೀಲಿ. ಹರಾಜು ಮುಗೀಲಿ. ನೀನು ಬಾ, ಕುಂತು ಮಾತಾಡಾಣ. ಫೋನಲ್ಲಿ ಮಾರೋ ಅಂಥದ್ದಲ್ಲ ಅದು."

ಆ ಹೆಂಗಸಿನ ಹಾಡಿನ ಕಥೆಯನ್ನೂ ಹೇಳಿದೆ. ಹೋಟೆಲು, ಮಳೆ, ಗೋಡೆಯ ಹಲಗೆ, ವಾಸನೆ. ಅಪ್ಪ ಪೂರ್ತಿ ಕೇಳಿಸಿಕೊಂಡ. ಶಕುನಿ ಪಾತ್ರದವನಿಗೆ ಎಲ್ಲಿ ಮಾತು ನಿಲ್ಲಿಸಬೇಕು ಅಂತ ಗೊತ್ತಿರುತ್ತೆ. ಸ್ವಲ್ಪ ಹೊತ್ತು ಬಿಟ್ಟು, "ಪಾಪ" ಅಂದ. ಆಮೇಲೆ, "ನಮ್ದು ಮಣ್ಣು, ಇಟ್ಟಿಗೆ ಕಣ್ಲಾ ಮಗ. ಯಾವ ಹೋಟ್ಲೋನೂ ತಗಳಕ್ಕಿಲ್ಲ" ಅಂದು ನಕ್ಕ.

ನಾನೂ ನಕ್ಕೆ. ಬ್ಲೂಬರ್ಡಿನ ದೀಪ ಆರಿತ್ತು. ಬೊಕ್ಕತಲೆಯ ಮನುಷ್ಯ ಗಿಟಾರಿನ ಪೆಟ್ಟಿಗೆಯನ್ನು ಹಳೇ ಕಾರಿನ ಹಿಂದಿನ ಸೀಟಿಗೆ ತಳ್ಳುತ್ತಿದ್ದ. ಡಿಸೆಂಬರಿಗೆ ಊರಿಗೆ ಟಿಕೆಟ್ ಬುಕ್ ಮಾಡಿದೆ. ಇದು ಒಂದೇ ಸಲಕ್ಕೆ ಸಿಕ್ಕಿತು.